ದೊಡ್ಡ ಸಿಸ್ಟರ್ ಬರೆದುಕೊಟ್ಟ ಕಾಗದ

ಮೂವತ್ತೊಂದು ವರ್ಷ ಒಂದೇ ಆಸ್ಪತ್ರೆಯಲ್ಲಿ ನರ್ಸಾಗಿ ಸವೆದ ಆಕೆಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಹೊದಿಕೆ ಸರಿಪಡಿಸುವ ನೆಪದಲ್ಲಿ ರೋಗಿಯನ್ನು ಅಡಿಯಿಂದ ಮುಡಿಯವರೆಗೆ ಓದಿಬಿಡುವವಳು. ಮಾತು ಕಡಿಮೆ, ಆಡಿದರೆ ಖಾರ.

ಒಂಬತ್ತನೇ ಹಾಸಿಗೆಯಲ್ಲಿ ಶಾಲಾ ವ್ಯಾನಿನ ಡ್ರೈವರ್ ಇದ್ದ. ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ಮಧ್ಯಾಹ್ನದ ಹೊತ್ತಿಗೆ ಅವನ ತುಟಿ ಬೂದಿಬಣ್ಣಕ್ಕೆ ತಿರುಗಿ, ಬೆರಳು ಹೊದಿಕೆಯ ಅಂಚನ್ನು ತಡಕಾಡತೊಡಗಿತು. ಆಕೆ ಮೂರು ಸಲ ಹೋಗಿ ಕಿರಿಯ ಡಾಕ್ಟರನ್ನು ಕರೆದಳು. ಆತ ಕಂಪ್ಯೂಟರಿನಿಂದ ಕಣ್ಣು ಕೀಳದೆ, ಮಾನಿಟರಿನಲ್ಲಿ ಎಲ್ಲ ಸರಿಯಿದೆ, ಸುಮ್ಮನೆ ಗಾಬರಿಯಾಗಬೇಡಿ ಅಂದ. ನಾಲ್ಕು ಗಂಟೆಗೆ ಡ್ರೈವರ್ ತೀರಿಕೊಂಡ.

ಮೂರು ವಾರ ಕಳೆದು ಮೇಲಿನಿಂದ ಆಜ್ಞೆ ಬಂತು: ರೋಗಿಯನ್ನು ಗಮನಿಸಿ ನೋಡುವುದನ್ನು ಕಲಿಯಲು ಡಾಕ್ಟರು, ನರ್ಸುಗಳೆಲ್ಲ ಚಿತ್ರಕಲಾ ಮ್ಯೂಸಿಯಮ್ಮಿಗೆ ಹೋಗಬೇಕು. ಅದೂ ರಜೆಯ ದಿನ. ನೋಡುವುದನ್ನು ನನಗೆ ಕಲಿಸ್ತಾರಂತೆ ಎಂದು ತಂಗಿಯ ಮುಂದೆ ಹಲ್ಲು ಕಡಿದಳು. ಆದರೂ ಹೋದಳು.

ಅಲ್ಲಿ ಮಂಚದ ಮೇಲೆ ಮಲಗಿದ ಮುದುಕನ ತೈಲಚಿತ್ರದ ಮುಂದೆ ಮಡಿಸುವ ಕುರ್ಚಿ ಹಾಕಿದ್ದರು. ಕಲಿಸಲು ಬಂದ ಮೇಡಂ ಹತ್ತು ನಿಮಿಷ ಸುಮ್ಮನೆ ನೋಡಲು ಹೇಳಿ, ಏನು ಕಂಡಿತು ಅಂತ ಕೇಳಿದರು. ಅದೇ ಕಿರಿಯ ಡಾಕ್ಟರ್ ಎದ್ದು, ತುಟಿ ಬೂದಿಬಣ್ಣಕ್ಕಿದೆ, ಬೆರಳು ಹೊದಿಕೆ ತಡಕಾಡುತ್ತಿದೆ, ಈತನಿಗೆ ಹೆಚ್ಚು ಹೊತ್ತಿಲ್ಲ ಎಂದು ವಿವರಿಸಿದ. ಎಂಥ ಸೂಕ್ಷ್ಮ ಕಣ್ಣು ಎಂದು ಮೇಡಂ ಹೊಗಳಿದರು. ಕೆಲವರು ಚಪ್ಪಾಳೆ ತಟ್ಟಿದರು.

ದೊಡ್ಡ ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು.

"ಒಂಬತ್ತನೇ ಹಾಸಿಗೆಯವನ ತುಟಿಯೂ ಹೀಗೇ ಇತ್ತು, ಡಾಕ್ಟ್ರೇ. ಮೂರು ಸಲ ಹೇಳಿದೆ, ನೀವು ಕುರ್ಚಿ ಬಿಟ್ಟು ಏಳಲಿಲ್ಲ. ಇಲ್ಲಿ ಮಾನಿಟರ್ ಇಲ್ಲ, ಅದಕ್ಕೇ ಮುಖ ನೋಡಿದಿರಿ."

"ಸಿಸ್ಟರ್, ಅದನ್ನ ಇಲ್ಲಿ ಮಾತಾಡೋದು ಬೇಡ," ಅಂದ ಆತ, ಮುಖ ಕಪ್ಪಿಟ್ಟು.

"ವಾರ್ಡಿನಲ್ಲಿ ಮಾತಾಡಿದ್ದನ್ನ ನೀವು ಕೇಳಿಸ್ಕೊಳ್ಳಲಿಲ್ಲವಲ್ಲ."

ಮರುದಿನ ಸೂಪರಿಂಟೆಂಡೆಂಟರು ಕರೆಸಿ ಕ್ಷಮಾಪಣೆ ಬರೆದುಕೊಡಲು ಹೇಳಿದರು. ಆಕೆ ಬರೆದುಕೊಟ್ಟದ್ದು ಆ ಮಧ್ಯಾಹ್ನ ನಡೆದದ್ದನ್ನು: ಎಷ್ಟು ಗಂಟೆಗೆ ಏನು ಕಂಡಳು, ಯಾರಿಗೆ ಹೇಳಿದಳು. ಇನ್ನೊಂದು ಪ್ರತಿಯನ್ನು ತಾನೇ ಡ್ರೈವರನ ಮನೆಗೆ ಒಯ್ದಳು. ಅವನ ಹೆಂಡತಿ ಎರಡು ಸಲ ಓದಿದಳು.

"ಬಾಯಿಗೆ ಏನೂ ಕೊಡಬೇಡಿ ಅಂದಿದ್ರೂ ಕದ್ದು ಒಂದು ಗುಟುಕು ನೀರು ಕೊಟ್ಟಿದ್ದೆ ಅಕ್ಕಾ. ಅದರಿಂದಲೇ ಹೀಗಾಯ್ತು ಅಂದ್ಕೊಂಡಿದ್ದೆ," ಅಂದಳು.

ಇಷ್ಟು ದಿನ ಇವಳು ತನ್ನನ್ನೇ ದೂರಿಕೊಳ್ಳುವಂತೆ ಬಿಟ್ಟ ಆಸ್ಪತ್ರೆಯವರ ಮೇಲೆ ದೊಡ್ಡ ಸಿಸ್ಟರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ವಿಚಾರಣೆ ನಡೆದು ಡಾಕ್ಟರಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಆಕೆಯನ್ನು ಹಾಸು ಹೊದಿಕೆಗಳ ಸ್ಟೋರಿಗೆ ಎತ್ತಿಹಾಕಿದರು. ನಿವೃತ್ತಿಗೆ ಇನ್ನೊಂದೇ ವರ್ಷ, ಇನ್ನಾದರೂ ತಣ್ಣಗಿರಬಾರದೇ ಎಂದು ತಂಗಿ ಕೇಳುತ್ತಾಳೆ. ತಣ್ಣಗಾಗುವ ಮಾತೇ ಇಲ್ಲ. ವಾರ್ಡಿಗೆ ವಾಪಸ್ ಹಾಕಿ ಎಂದು ತಿಂಗಳಿಗೊಂದು ಅರ್ಜಿ ಕೊಡುತ್ತಲೇ ಇದ್ದಾಳೆ.