ಸಿಸ್ಟರಮ್ಮನ ಪಾಲಿನ ವಾಟರ್ ಪಂಪ್

ಬೀದರಿನ ನಮ್ಮ ಓಣಿಯಲ್ಲಿ ಹಳೆಯ ಅಂಬಾಸಿಡರ್ ಎರಡೇ ಇದ್ದವು. ಒಂದು ನನ್ನದು, ಇನ್ನೊಂದು ಎದುರುಮನೆಯ ನಿವೃತ್ತ ನರ್ಸ್ ಸಿಸ್ಟರಮ್ಮನದು. ನನ್ನದು ವಾರಕ್ಕೊಮ್ಮೆ ಗ್ಯಾರೇಜು ಸೇರುತ್ತಿತ್ತು. ಅವರದು ಪ್ರತಿ ಭಾನುವಾರ ಸದ್ದಿಲ್ಲದೆ ಚರ್ಚಿಗೆ ಹೋಗಿಬರುತ್ತಿತ್ತು. ಒಮ್ಮೆಯಾದರೂ ಅದು ದಾರಿಯಲ್ಲಿ ನಿಲ್ಲಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು.

ಏನಾದರೂ ಕೆಟ್ಟರೆ ಅವರು ಆ ಭಾಗವನ್ನು ಬಿಚ್ಚಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಭಾಲ್ಕಿ ಬಸ್ಸು ಹತ್ತುತ್ತಿದ್ದರು. ಸಂಜೆಗೆ ಅಸಲಿ ಮಾಲಿನೊಂದಿಗೆ ಇಳಿಯುತ್ತಿದ್ದರು. ಎಲ್ಲಿ ಸಿಕ್ಕಿತೆಂದು ಕೇಳಿದರೆ ಯಾವಾಗಲೂ ಒಂದೇ ಮಾತು: “ಇದ್ದಲ್ಲಿ ಇರ್ತದ್ರಿ ಮಾಸ್ತರ, ಹೋಗಿ ಬರಬೇಕು.”

ಕ್ರಿಸ್‌ಮಸ್ಸಿಗೆ ಅವರು ಭಾಲ್ಕಿ, ಔರಾದಿನ ಗುಜರಿ ಅಂಗಡಿಗಳಿಗೆಲ್ಲ ಕರ್ಚಿಕಾಯಿ ಹಂಚುತ್ತಾರೆಂದು ತಿಳಿದಾಗ, ಗುಟ್ಟು ಸಿಕ್ಕಿತೆಂದುಕೊಂಡೆ. ನನ್ನ ಕಾರಿನ ವಾಟರ್ ಪಂಪ್ ಸೋರತೊಡಗಿದ ಮರುದಿನವೇ ಒಂದು ಕಿಲೋ ಪೇಢೆ ಹಿಡಿದು ಭಾಲ್ಕಿಯ ಗುಜರಿಯವನ ಮುಂದೆ ನಿಂತೆ. ಅವನ ಹಿಂದಿನ ಕಪಾಟಿನಲ್ಲಿ, ಎಣ್ಣೆ ಸವರಿದ ಅಸಲಿ ಪಂಪ್ ಒಂದು ಹೊಳೆಯುತ್ತಿತ್ತು.

“ಅದು ಸಿಸ್ಟರಮ್ಮಗ ತೆಗದಿಟ್ಟದ್ದರಿ” ಎಂದ.

“ಅವರ ಗಾಡಿ ಚಲೋನೇ ಅದಲ್ಲೋ!”

“ಇವತ್ತು ಚಲೋ ಅದರಿ. ನಾಳಿಗಿ ಬೇಕಾದ್ರ?”

ನಾನು ಪೇಢೆಯ ಡಬ್ಬಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದೆ. ಅವನು ಒಂದೇ ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆಗೇ ವಾಪಸ್ ತಳ್ಳಿದ.

“ಸಾಮಾನ ಬೇಕಾದ ದಿನ ಸಿಸ್ಟರಮ್ಮ ಕರ್ಚಿಕಾಯಿ ತರಂಗಿಲ್ರಿ.”