ಹಿಂದಿನ ಕೋಣೆಯ ಕುಡಿಯಕ್ಕ

ಬೆಳಕು ಹರಿಯುವ ಹೊತ್ತಿಗೆ ನರ್ಸರಿಯ ಹಿಂದಿನ ಕೋಣೆಯ ಬಾಗಿಲು ತೆರೆಯುತ್ತದೆ. ಬೇರೆ ವಾಸನೆ ಮೂಗಿಗೆ ಅಡ್ಡ ಬರಬಾರದೆಂದು ಒಳಬಂದ ಹೆಂಗಸು ಇನ್ನೂ ಚಹಾ ಕುಡಿದಿಲ್ಲ, ತಲೆಗೆ ಎಣ್ಣೆ ಹಚ್ಚಿಲ್ಲ. ಪ್ಲಾಸ್ಟಿಕ್ ಹೊದಿಕೆ ಸರಿಸಿ, ಬೇರು ಬರಲೆಂದು ನೆಟ್ಟ ಗಿಡದ ತುಂಡುಗಳ ಬುಡದ ವಾಸನೆ ನೋಡುವುದು ಅವಳ ದಿನದ ಮೊದಲ ಕೆಲಸ. ಕೊಳೆತದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದಂತೆ.

ಇಂದು ಮಾತ್ರ ನೆಗಡಿಯಿಂದ ಮೂಗು ಕಟ್ಟಿದೆ.

ಎಲ್ಲರೂ ಅವಳನ್ನು ಕರೆಯುವುದು ಕುಡಿಯಕ್ಕ ಎಂದೇ. ಕಸ ಗುಡಿಸಲು ಬಂದವಳು ಎಸೆದ ಕುಡಿಗಳಿಗೆ ಬಾಟಲಿಯ ನೀರಿನಲ್ಲಿ ಬೇರು ಬರಿಸಿದ್ದನ್ನು ಕಂಡು ಮಾಲೀಕರು ಈ ಕೋಣೆಯನ್ನು ಅವಳಿಗೆ ಒಪ್ಪಿಸಿದರು. ನರ್ಸರಿಯ ಮುಂಭಾಗದಲ್ಲಿ ಗಿಡ ಕೊಳ್ಳುವವರು ಅವಳನ್ನು ನೋಡಿಯೇ ಇಲ್ಲ. ಕುಡಿಯನ್ನು ಎಲೆ ಮೂಡುವ ಗಿಣ್ಣಿನ ಕೆಳಗೆ ಕತ್ತರಿಸಬೇಕು, ಜಾಗ ಬೆಚ್ಚಗಿರಬೇಕು, ಬೆಳಕು ಬೇಕು, ಬಿಸಿಲು ತಾಗಬಾರದು. “ನೀರು ಜಾಸ್ತಿಯಾದ್ರೆ ಕೊಳೆಯುತ್ತೆ, ಕಮ್ಮಿಯಾದ್ರೆ ಬಾಡುತ್ತೆ. ಎರಡರ ಮಧ್ಯೆ ನನ್ನ ಜೀವ ಹೋಗುತ್ತೆ” ಎನ್ನುತ್ತಾಳೆ.

ಕಳೆದ ತಿಂಗಳು ಬಿಳಿ ಮಚ್ಚೆಯ ಮನಿ ಪ್ಲಾಂಟಿನ ತಾಯಿಗಿಡ ಬುಡ ಕೊಳೆತು ಸತ್ತಿತು. ನರ್ಸರಿಯಲ್ಲಿ ಆ ಜಾತಿಯದು ಅದೊಂದೇ ಇತ್ತು. ಅದರ ತುದಿಯಿಂದ ಉಳಿಸಿಕೊಂಡ ಕೆಲವೇ ತುಂಡುಗಳು ಈಗ ಒಂದೇ ಟ್ರೇಯಲ್ಲಿವೆ. ಹೊಸ ಎಲೆ ಮೂಡಿದರೂ ನೆಚ್ಚುವಂತಿಲ್ಲ, ಬೇರಿಲ್ಲದೆಯೂ ಎಲೆ ಬರುವುದುಂಟು. ಎಳೆದು ನೋಡೋಣವೆಂದರೆ ಎಳೆಬೇರು ಪಟ್ಟನೆ ಮುರಿಯುತ್ತದೆ. ಇಂದು ಒಂದರ ಎಲೆ ಹಳದಿಯಾಗಿದೆ. ಅದು ಮುಪ್ಪೋ, ಕೊಳೆಯೋ? ಕೊಳೆಯಾದರೆ ಸಂಜೆಯೊಳಗೆ ಪಕ್ಕದವಕ್ಕೂ ಹಬ್ಬೀತು.

ಮಣ್ಣು ಕಲಸುವ ನಾದಿನಿಯನ್ನು ಕೂಗುತ್ತಾಳೆ. “ಬಾರೇ, ಸ್ವಲ್ಪ ಮೂಸು.”

“ಇಷ್ಟು ದಿನ ನೀವು ಮೂಸೋದನ್ನ ಆಡ್ಕೊಂಡಿದ್ದಕ್ಕೆ ಆ ಕೆಲಸ ನನಗೇ ಬಂತಲ್ಲ ಅತ್ತಿಗೆ.” ನಾದಿನಿ ನಗುತ್ತಲೇ ಬಗ್ಗುತ್ತಾಳೆ. “ಇದು ಮಣ್ಣಿನ ವಾಸ್ನೆ. ಇದೂ ಮಣ್ಣೇ.” ಹಳದಿ ಎಲೆಯ ಬಳಿ ನಗು ನಿಲ್ಲುತ್ತದೆ. “ಇದು ಹೂದಾನಿಯ ಹಳೇ ನೀರಿನ ಥರ ಇದೆ.”

“ಸರಿಯಾಗಿ ನೋಡು. ನಿನ್ನ ಮಾತು ನಂಬಿ ಕೀಳೋದು ನಾನು.”

“ನೋಡ್ದೆ. ಅದೇ.”

ಕುಡಿಯಕ್ಕ ಕಣ್ಣು ಮುಚ್ಚಿ ಉಸಿರೆಳೆಯುತ್ತಾಳೆ. ಏನೂ ತಿಳಿಯುವುದಿಲ್ಲ. ಕೊನೆಗೆ ಚಮಚವನ್ನು ಆಳಕ್ಕಿಳಿಸಿ, ಸುತ್ತಲಿನ ಮಣ್ಣಿನ ಸಮೇತ ತುಂಡನ್ನು ಎತ್ತುತ್ತಾಳೆ. ಬುಡ ಕಪ್ಪಾಗಿ ಲೋಳೆಯಾಗಿದೆ. ಆದರೆ ಮಣ್ಣಿನ ಹೆಂಟೆ ಪೂರ್ತಿ ಬಿಟ್ಟು ಬರುತ್ತಿಲ್ಲ, ಏನೋ ಹಿಡಿದೆಳೆಯುತ್ತಿದೆ. ಪಕ್ಕದ ತುಂಡಿನಿಂದ ಬಂದ ದಾರದಂಥ ಬಿಳಿ ಬೇರು ಆ ಹೆಂಟೆಯೊಳಗೆ ಹೊಕ್ಕಿದೆ.

ಕುಡಿಯಕ್ಕ ಬೆರಳ ತುದಿಯಿಂದ ಆ ಬೇರನ್ನು ಬಿಡಿಸಿ, ಟ್ರೇಗೆ ಮರಳಿಸಿ, ಮೇಲೆ ಹೊಸ ಮಣ್ಣು ಉದುರಿಸುತ್ತಾಳೆ. ಕೊಳೆತ ತುಂಡನ್ನು ದೂರ ಎಸೆಯುತ್ತಾಳೆ.

“ಮಿಕ್ಕವಕ್ಕೆ ಬೇರು ಬರಲಿ, ಬಿಡಲಿ” ಎನ್ನುತ್ತಾಳೆ. “ಇದೊಂದು ಉಳಿದ್ರೆ ಸಾಕು, ಇದನ್ನೇ ತಾಯಿಗಿಡ ಮಾಡ್ತೀನಿ.”