ಹತ್ತರಿಂದ ಒಂದರವರೆಗೆ

ನ್ಯಾಮತಿಯ ನಮ್ಮ ಮನೆಗೆ ಇಂಟರ್ನೆಟ್ ಬಂದ ದಿನದಿಂದ ಅದರ ಯಜಮಾನಿಕೆ ಭಾವನವರದು. ಅವರು ನನ್ನ ಗಂಡನ ಅಣ್ಣ. ಮನೆಯ ಮುಂಭಾಗದಲ್ಲೇ ಅವರ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ಕಂಪ್ಯೂಟರ್ ತಂದಿಟ್ಟು ಬಿಲ್ ಹೊಡೆಯಲು ಶುರುಮಾಡಿದ ಮೇಲೆ ಓಣಿಯಲ್ಲಿ ಯಾರ ಫೋನ್ ಕೆಟ್ಟರೂ ಅವರ ಹತ್ತಿರವೇ ತರುತ್ತಿದ್ದರು. ಅವರು ಕನ್ನಡಕ ಮೇಲೇರಿಸಿ, ಎರಡು ಸಲ ಒತ್ತಿ, ಏನೋ ಒಂದು ಇಂಗ್ಲಿಷ್ ಪದ ಹೇಳಿ ಕಳಿಸುತ್ತಿದ್ದರು. ಇಂಟರ್ನೆಟ್ ಪೆಟ್ಟಿಗೆ ಮಾತ್ರ ಒಳಗೆ ಹಾಲ್‌ನಲ್ಲಿ, ಟಿವಿಯ ಮೇಲಿನ ಹಲಗೆಯ ಮೇಲೆ ಇತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಧೂಳು ಒರೆಸಲು ಹೋದರೂ ಬೈಗುಳ.

ನನ್ನದೊಂದು ಸಣ್ಣ ಲ್ಯಾಪ್‌ಟಾಪ್. ತಟ್ಟೆಯಷ್ಟಗಲ, ಯಾರೋ ಬಳಸಿ ಬಿಟ್ಟಿದ್ದು. ಅದರಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಧ್ವನಿಮುದ್ರಿಕೆಗಳನ್ನು ಕೇಳಿ ಕನ್ನಡದಲ್ಲಿ ಬರೆದು ಕಳಿಸುವುದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಆನ್‌ಲೈನ್ ಇರಬೇಕು, ನಡುವೆ ಕಡಿದುಹೋದರೆ ಆ ಹೊತ್ತಿನ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ. ನನ್ನ ಗಂಡ ಎಂಟರ ಬಸ್ಸಿಗೆ ಹೊನ್ನಾಳಿಯ ಶಾಲೆಗೆ ಹೋದ ಮೇಲೆ ನಾನು ಪಲ್ಯ ಹೆಚ್ಚಿಟ್ಟು, ಹಿಟ್ಟು ಕಲಸಿಟ್ಟು, ಕೋಣೆಗೆ ಹೋಗಿ ಕೂರುತ್ತಿದ್ದೆ. ರೊಟ್ಟಿ ಬಡಿಯುವುದು ಭಾವನವರ ಹೆಂಡತಿ, ನನ್ನ ವಾರಗಿತ್ತಿಯ ಪಾಲಿಗೆ ಬಂತು. ಅದು ಅವಳಿಗೆ ಇಷ್ಟವಾಗಲಿಲ್ಲ. ನನ್ನೆದುರು ಏನೂ ಅನ್ನದಿದ್ದರೂ ಲಟಪಟ ಎಂದು ಬಡಿಯುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು.

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಕೆಲಸಕ್ಕೆ ಕೂತರೆ ಪುಟವೇ ತೆರೆಯಲಿಲ್ಲ. ಮೂಲೆಯಲ್ಲಿ ವೈಫೈ ಗುರುತು ತುಂಬಿಕೊಂಡಿದೆ, ಒಳಗೆ ಏನೂ ಬರುತ್ತಿಲ್ಲ. ಆರಿಸಿ ಹಚ್ಚಿದೆ. ವೈಫೈ ಅಳಿಸಿ ಮತ್ತೆ ಸೇರಿಸಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಬಂದು ಪೆಟ್ಟಿಗೆಯ ಬುಡದಲ್ಲೇ ಕೂತೆ. ಅತ್ತೆ ಅಲ್ಲೇ ತಮ್ಮ ಫೋನಿನಲ್ಲಿ ವಚನ ಕೇಳುತ್ತಿದ್ದರು, ಅದು ಒಂದು ಕ್ಷಣವೂ ನಿಲ್ಲಲಿಲ್ಲ. ನನ್ನ ಫೋನಿನಿಂದ ನೆಟ್ ಕೊಟ್ಟು ನೋಡೋಣವೆಂದರೆ ನಮ್ಮ ಕೋಣೆಯಲ್ಲಿ ಸಿಗ್ನಲ್ ಇಲ್ಲ. ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತೆ. ಬಿಸಿಲಿಗೆ ಪರದೆ ಕಾಣಲಿಲ್ಲ. ಕಂಡಷ್ಟರಲ್ಲಿ ಆ ದಿನದ ಡೇಟಾ ಮುಗಿಯಿತು.

ಭಾವನವರ ಹತ್ತಿರ ಒಯ್ದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಲ್ಯಾಪ್‌ಟಾಪ್ ತೆರೆದು, ಕೀಲಿಗಳನ್ನು ಸವರಿ, ಮುಚ್ಚಿ ನನ್ನ ಕಡೆಗೆ ತಳ್ಳಿದರು.

"ಇದರ ಕಾಲ ಮುಗಿದೈತವ್ವಾ. ತಗಡು ಇದು. ಗುಜರಿಯವನು ಬಂದಾಗ ಹಾಕಿಬಿಡು, ಒಂದು ಪಾತ್ರೆನಾದ್ರೂ ಬರ್ತೈತೆ."

ಗಿರಾಕಿಗಳು ನಕ್ಕರು. ನಾನೂ ನಕ್ಕೆ. ಆ ನಗು ನನಗೆ ಈಗಲೂ ನೆನಪಾಗಿ ಮೈ ಉರಿಯುತ್ತದೆ.

ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಕೊನೆಗೆ ಕಂಪನಿಯ ಹುಡುಗಿ ಫೋನ್ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಿಮ್ಮ ನೆಟ್ ಸರಿಯಿಲ್ಲ, ಬೇರೆಯವರನ್ನು ತೆಗೆದುಕೊಂಡಿದ್ದೇವೆ ಎಂದು ನಯವಾಗಿ ಹೇಳಿದಳು. ಊಟದ ಹೊತ್ತಿಗೆ ಸುದ್ದಿ ಹೇಳಿದೆ. ಭಾವ, ಹೋಗಲಿ, ಮನೆಯಲ್ಲಿ ಕೈತುಂಬ ಕೆಲಸ ಇದೆಯಲ್ಲ ಎಂದರು. ಮರುದಿನದಿಂದ ರೊಟ್ಟಿ ನನ್ನ ಪಾಲಿಗೆ ಬಂತು.

ಆ ಬೇಸರದಲ್ಲೇ ಸವಳಂಗದ ತಂಗಿಯ ಮನೆಗೆ ಹೋದೆ. ಅವಳ ಮಗಳಿಗೆ ಹಳೆಯ ಫೋಟೋ ತೋರಿಸೋಣವೆಂದು ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಅವಳ ಮನೆಯ ನೆಟ್‌ಗೆ ಸೇರಿಸಿದರೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಲ್ಲೂ ನಿಲ್ಲದೆ ಓಡಿತು. ತಂಗಿ, ಇದಕ್ಕೆ ಏನೂ ಆಗಿಲ್ಲವಲ್ಲ ಅಕ್ಕ ಎಂದಳು. ಆಗ ನನಗೆ ಇನ್ನೊಂದು ಹೊಳೆಯಿತು. ನಮ್ಮ ಮನೆಯಲ್ಲೂ ಬೆಳಗಿನ ಜಾವ ಅದು ಸರಿಯಿರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೂ ಸರಿಯಿರುತ್ತಿತ್ತು. ಕೆಡುತ್ತಿದ್ದುದು ಕೆಲಸದ ಹೊತ್ತಿನಲ್ಲಿ ಮಾತ್ರ. ಹಳೆಯದಾಗಿ ಕೆಟ್ಟ ಯಂತ್ರ ಗಡಿಯಾರ ನೋಡಿ ಕೆಡುತ್ತದೆಯೇ?

ಊರಿಗೆ ಬಂದ ಮರುದಿನ ಲ್ಯಾಪ್‌ಟಾಪ್ ತೆರೆದಿಟ್ಟು ಗೋಡೆಯ ಗಡಿಯಾರ ನೋಡುತ್ತ ಕೂತೆ. ಹತ್ತಾಯಿತು. ನೆಟ್ ನಿಂತಿತು.

ಅಂದು ಮಧ್ಯಾಹ್ನ ಅತ್ತೆ ಮಲಗಿದ್ದರು, ವಾರಗಿತ್ತಿ ಟೈಲರ್ ಹತ್ತಿರ ಹೋಗಿದ್ದಳು. ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಅದರ ಬೆನ್ನಿಗೆ ಚೀಟಿ ಅಂಟಿಸಿ, ಯಾವ ವಿಳಾಸ ಒತ್ತಬೇಕು, ಹೆಸರೇನು, ಪಾಸ್‌ವರ್ಡ್ ಏನು ಎಂದು ಕಂಪನಿಯವರೇ ಅಚ್ಚು ಹಾಕಿದ್ದರು. ಊರಿನವರಿಗೆಲ್ಲ ಬುದ್ಧಿ ಹೇಳುವ ಭಾವ ಆ ಪಾಸ್‌ವರ್ಡನ್ನು ಬದಲಾಯಿಸಿಯೇ ಇರಲಿಲ್ಲ. ಒಳಗೆ ಹೋಗಿ ಒಂದೊಂದೇ ಪುಟ ಓದುತ್ತ ಬಂದೆ. ನನ್ನ ಇಂಗ್ಲಿಷ್ ನಿಧಾನ, ಆದರೆ ಓದಲು ಬರುತ್ತದೆ. 'ಪೇರೆಂಟಲ್ ಕಂಟ್ರೋಲ್' ಎಂಬ ಕಡೆ ನನ್ನ ಲ್ಯಾಪ್‌ಟಾಪ್ ಇತ್ತು. ಮಕ್ಕಳು ಓದುವ ಹೊತ್ತಿನಲ್ಲಿ ಆಟ ಆಡದಂತೆ ತಂದೆತಾಯಿ ನೆಟ್ ಕಟ್ಟಿಹಾಕುವ ಜಾಗ ಅದು. ಹತ್ತರಿಂದ ಒಂದರವರೆಗೆ ಬಂದ್. ಭಾನುವಾರ ಒಂದು ಬಿಟ್ಟು ಎಲ್ಲ ದಿನ. ಎದುರಿಗೆ 'ಚೈಲ್ಡ್' ಎಂದು ಹೆಸರು ಕೊಟ್ಟಿದ್ದರು.

ನಲವತ್ತು ದಾಟಿದ ನಾನು ಆ ಮನೆಯಲ್ಲಿ ಮಗು. ತಕ್ಷಣ ಅಂಗಡಿಗೆ ಹೋಗಿ ಕೇಳಬೇಕೆನಿಸಿತು. ಕೇಳಿದರೆ, ನನಗೇನು ಗೊತ್ತು, ತಾನಾಗಿಯೇ ಹಾಗೆ ಆಗಿರಬೇಕು ಅನ್ನುತ್ತಾರೆ. ಗಿರಾಕಿಗಳು ಮತ್ತೆ ನಗುತ್ತಾರೆ. ಆದ್ದರಿಂದ ಕೇಳಲಿಲ್ಲ. ನನ್ನ ಸಾಲನ್ನು ಹಾಗೆಯೇ ಬಿಟ್ಟೆ. ಅದರ ಕೆಳಗೆ ಅಂಗಡಿಯ ಕಂಪ್ಯೂಟರನ್ನು ಸೇರಿಸಿದೆ. ಅದೇ ಹೊತ್ತು, ಅದೇ ದಿನಗಳು, ಅದೇ ಹೆಸರು. ಗೊಬ್ಬರಕ್ಕೆ ರೈತರು ಹೆಬ್ಬೆಟ್ಟು ಒತ್ತುವ ಯಂತ್ರವೂ ಅದೇ ನೆಟ್‌ನಲ್ಲಿತ್ತು, ಅದನ್ನು ಮುಟ್ಟಲಿಲ್ಲ. ನನಗೆ ಸಿಟ್ಟಿದ್ದದ್ದು ಒಬ್ಬರ ಮೇಲೆ.

ಮೆಕ್ಕೆಜೋಳದ ಬಿತ್ತನೆ ಶುರುವಾಗಿತ್ತು. ಬೆಳಿಗ್ಗೆ ಹತ್ತರಿಂದಲೇ ಅಂಗಡಿಯ ಮುಂದೆ ಬೈಕುಗಳ ಸಾಲು. ಅವರ ಬಿಲ್ಲಿನ ಲೆಕ್ಕವೆಲ್ಲ ಆನ್‌ಲೈನ್. ಮೊದಲ ದಿನ ಭಾವ ಕಂಪ್ಯೂಟರಿಗೆ ಎರಡು ಏಟು ಕೊಟ್ಟು, ಕೈಯಲ್ಲೇ ಬಿಲ್ ಬರೆದರು. ಎರಡನೆಯ ದಿನ ವೈರ್ ಬದಲಾಯಿಸಿದರು. ನಾನು ಚಹಾ ಕೊಡುವ ನೆಪದಲ್ಲಿ ಅಂಗಡಿಗೆ ಹೋಗುತ್ತಿದ್ದೆ. ಮೊದಲೆಲ್ಲ ಚಹಾವನ್ನು ವಾರಗಿತ್ತಿಯೇ ಕೊಡುತ್ತಿದ್ದಳು, ಆ ವಾರ ಮಾತ್ರ ನಾನು ಬಿಡಲಿಲ್ಲ. ಮೇಜಿನ ಕೆಳಗೆ ಬಗ್ಗಿ ವೈರ್ ಎಳೆಯುತ್ತಿರುವ ಅವರ ಬೆವೆತ ಬೆನ್ನು ನೋಡಿದರೆ ಹೊಟ್ಟೆಗೆ ತಂಪಾಗುತ್ತಿತ್ತು.

"ಹಳೇದಾಗಿರಬೇಕು ಭಾವ. ಗುಜರಿಯವನು ಬರ್ತಾನಲ್ಲ, ಕೇಳ್ರಿ," ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಲೋಟ ಇಟ್ಟು ಬಂದೆ.

ಆಮೇಲೆ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಮೇಲಿಟ್ಟುಕೊಂಡು ಹೊನ್ನಾಳಿಗೆ ಹೋದರು. ರಿಪೇರಿಯವನು ಏನೇನೋ ತೆಗೆದು ಏನೇನೋ ಹಾಕಿ ಕೊಟ್ಟ. ಸಂಜೆ ತಂದು ಹಚ್ಚಿದಾಗ ಚೆನ್ನಾಗಿ ಓಡಿತು, ಓಣಿಗೆಲ್ಲ ಕೇಳುವಂತೆ ಹೇಳಿಕೊಂಡರು. ಬೆಳಿಗ್ಗೆ ಹತ್ತಕ್ಕೆ ಮತ್ತೆ ಅದೇ ಪಾಡು. ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ಆ ಕೂಗಾಟ ಕೇಳಿಸಿಕೊಂಡೆ. ಹಿಟ್ಟು ಅಂದಿನಷ್ಟು ಮೆತ್ತಗೆ ಎಂದೂ ಬಂದಿರಲಿಲ್ಲ.

ಕೊನೆಗೆ ಅವರು ಇಂಟರ್ನೆಟ್ ಲೈನಿನವನನ್ನೇ ಕರೆಸಿದರು. ನಾನು ಕಾಯುತ್ತಿದ್ದುದೂ ಅದಕ್ಕೇ. ಅಂದು ನನ್ನ ಗಂಡನಿಗೆ ರಜೆ, ಎಲ್ಲರೂ ಮನೆಯಲ್ಲಿದ್ದರು. ಲೈನಿನವನು ವೈರು ನೋಡಿ, ದೀಪ ನೋಡಿ, ಎಲ್ಲ ಸರಿ ಇದೆ ಎಂದ. ಆಮೇಲೆ ತನ್ನ ಫೋನಿನಲ್ಲಿ ಪೆಟ್ಟಿಗೆಯ ಪುಟ ತೆರೆದ. ಭಾವನ ಮುಖ ಬಣ್ಣಗೆಟ್ಟಿತು. ಅದೆಲ್ಲ ಬೇಡ, ಹೊಸ ಪೆಟ್ಟಿಗೆ ಹಾಕಿಬಿಡಿ ಎಂದರು. ಅಷ್ಟರಲ್ಲಿ ಅವನು ಕಂಡುಹಿಡಿದಿದ್ದ.

"ನೀವೇ ಬಂದ್ ಮಾಡೀರಲ್ರಿ ಸಾಹುಕಾರ್ರೆ. ಮಕ್ಕಳಿಗೆ ಹಾಕೋ ಲಾಕ್ ಇದು. ಎರಡು ಮಷಿನ್ ಅದಾವೆ, ಎರಡೂ ಹತ್ತರಿಂದ ಒಂದರ ತನಕ. ಮೇಲಿಂದು ಯಾವುದೋ ಲ್ಯಾಪ್‌ಟಾಪ್, ಕೆಳಗಿಂದು ನಿಮ್ಮ ಅಂಗಡೀದು."

"ಮನೇಲಿ ಮಕ್ಕಳು ಎಲ್ಲದಾರೆ?" ಎಂದರು ಅತ್ತೆ. ನಮ್ಮ ಎರಡೂ ಜೋಡಿಯ ಮಕ್ಕಳು ಹಾಸ್ಟೆಲಿನಲ್ಲಿ ಓದುತ್ತಿದ್ದರು.

"ಮೇಲಿನ ಮಗು ನಾನು, ಅತ್ತೆ," ಎಂದೆ. "ಭಾವ ಹಾಕಿದ್ದು. ನನ್ನ ಕೆಲಸ ಹೋಗಿದ್ದು ಅದಕ್ಕೇ. ಕೆಳಗಿನ ಮಗು ಭಾವ. ಅದನ್ನ ಹಾಕಿದ್ದು ನಾನು."

ಲೈನಿನವನು ಫೋನನ್ನು ಜೇಬಿಗಿಟ್ಟು ಚಪ್ಪಲಿ ಹುಡುಕತೊಡಗಿದ. ಭಾವ, ಸುಮ್ಮನೆ ನೋಡಾಕೆ ಅಂತ ಹಾಕಿದ್ದೆ, ತೆಗೆಯೋದು ಮರೆತಿದ್ದೆ ಎಂದರು. ಅತ್ತೆ ಅವರ ಕಡೆಗೆ ನೋಡದೆ ವಾರಗಿತ್ತಿಯ ಕಡೆಗೆ ನೋಡಿದರು. ಅವಳು ಅಳಲು ಶುರುಮಾಡಿ, ನಾನು ರೊಟ್ಟಿ ಕಷ್ಟ ಆಗ್ತೈತೆ ಅಂದಿದ್ದೆ ಅಷ್ಟೇ, ಹಿಂಗೆ ಮಾಡ್ರಿ ಅಂದಿರಲಿಲ್ಲ ಎಂದಳು. ಅದು ನಿಜವೇ ಇರಬೇಕು. ಅವಳ ಮೇಲಿನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಆ ಸಂಜೆ ಗಂಡ ಕೋಣೆಯ ಬಾಗಿಲು ಮುಂದೆ ಮಾಡಿ, ಅವರು ದೊಡ್ಡವರು, ನೀನೇ ಒಂದು ಮಾತು ತಪ್ಪಾಯಿತು ಅಂದುಬಿಡು ಎಂದರು. ಮೊದಲು ಅವರು ಅನ್ನಲಿ, ಆಮೇಲೆ ನಾನು ಅನ್ನುತ್ತೇನೆ ಎಂದೆ. ಇವತ್ತಿನವರೆಗೆ ಇಬ್ಬರೂ ಅಂದಿಲ್ಲ. ಭಾವ ಅಂಗಡಿಗೆ ಬೇರೆ ಲೈನ್ ಎಳೆಸಿಕೊಂಡರು. ಮನೆಯ ಪೆಟ್ಟಿಗೆಯ ಎರಡೂ ಪಾಸ್‌ವರ್ಡ್, ವೈಫೈಯದು ಮತ್ತು ಒಳಗಿನ ಪುಟದ್ದು, ನಾನು ಬದಲಾಯಿಸಿದೆ. ಅತ್ತೆಗೆ, ಗಂಡನಿಗೆ, ವಾರಗಿತ್ತಿಗೆ ಹೇಳಿದೆ. ವಾರಗಿತ್ತಿ ಅದನ್ನು ತನ್ನ ಗಂಡನಿಗೆ ಹೇಳಬಹುದಿತ್ತು, ಯಾಕೋ ಹೇಳಿಲ್ಲ. ಹಳೆಯ ಕೆಲಸ ನನಗೆ ವಾಪಸ್ ಸಿಗಲಿಲ್ಲ. ಬೇರೆ ಕಡೆ ಮಧ್ಯಾಹ್ನದ ಹೊತ್ತಿನದೊಂದು ಸಿಕ್ಕಿತು.

ಮೊನ್ನೆ ಸಂತೇಬೆನ್ನೂರಿನಿಂದ ವಾರಗಿತ್ತಿಯ ಅಪ್ಪ ಬಂದಿದ್ದರು. ಅಳಿಯನ ಪಕ್ಕ ಸೋಫಾದ ಮೇಲೆ ಕೂತು, ಮೊಮ್ಮಗನಿಗೆ ವಿಡಿಯೋ ಕಾಲ್ ಮಾಡಬೇಕು, ಇಲ್ಲಿನ ವೈಫೈ ಹಾಕಿಕೊಡಿ ಎಂದು ಫೋನನ್ನು ಅಳಿಯನ ಕಡೆಗೆ ಚಾಚಿದರು. ಭಾವ ಆ ಫೋನನ್ನು ಕೈಯಲ್ಲಿ ಹಿಡಿದು ಅದರ ಗಾಜು ಒರೆಸುತ್ತ ಕೂತರು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಅವರ ಕೈಯಿಂದಲೇ ಅದನ್ನು ತೆಗೆದುಕೊಂಡು, ಪಾಸ್‌ವರ್ಡ್ ಒತ್ತಿ ಹಿರಿಯರಿಗೆ ಕೊಟ್ಟೆ. ಭಾವನ ಫೋನು ಅವರ ತೊಡೆಯ ಮೇಲೇ ಇತ್ತು. ನಿಮಗೂ ಹಾಕಿಕೊಡಲೇ ಎಂದು ಒಂದು ಮಾತು ಕೇಳಬಹುದಿತ್ತು. ನಾನು ಹಿರಿಯರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿ ಒಳಗೆ ಹೋದೆ.